ಹಳ್ಳಿಕಾರ್, ಮಲ್ನಾಡ್ ಗಿಡ್ಡ ದನಗಳ ತಾಯಿ ಸಾಲು ಪತ್ತೆ: ಮೈಟೊಕಾಂಡ್ರಿಯಾ ಡಿಎನ್‌ಎ ಪರೀಕ್ಷೆಯ ಕೈಪಿಡಿ

ನಾಟಿ ದನದ ರಕ್ತದ ಮಾದರಿಯಿಂದ ಹಿಡಿದು ಹ್ಯಾಪ್ಲೊಟೈಪ್ (ಒಂದು ತಾಯಿ ಸಾಲನ್ನು ಗುರುತಿಸುವ ಡಿಎನ್‌ಎ ಮಾದರಿ) ಜಾಲದ ಚಿತ್ರದವರೆಗೆ ಕೆಲಸ ಹೇಗೆ ಸಾಗುತ್ತದೆ, ಎಲ್ಲೆಲ್ಲಿ ಕೆಡುತ್ತದೆ ಎಂಬುದು ಇಲ್ಲಿದೆ. ಪಶುವೈದ್ಯ, ಜೈವಿಕ ತಂತ್ರಜ್ಞಾನದ ಸ್ನಾತಕೋತ್ತರ ವಿದ್ಯಾರ್ಥಿಗಳನ್ನೂ ತಳಿ ಸಂರಕ್ಷಣೆಯ ಕೆಲಸದಲ್ಲಿರುವವರನ್ನೂ ಮನಸ್ಸಿನಲ್ಲಿಟ್ಟು ಬರೆದದ್ದು. ಪಿಸಿಆರ್ ಯಂತ್ರ (ಡಿಎನ್‌ಎಯ ಬೇಕಾದ ತುಂಡನ್ನು ನಕಲು ಮಾಡಿ ಹೆಚ್ಚಿಸುವಂಥದ್ದು), ಸೆಂಟ್ರಿಫ್ಯೂಜ್, ಜೆಲ್ ಪೆಟ್ಟಿಗೆ ಇರುವ ಸಾಧಾರಣ ಲ್ಯಾಬ್ ಸಾಕು. ಸೀಕ್ವೆನ್ಸಿಂಗನ್ನು ಹೊರಗೆ ಮಾಡಿಸಬಹುದು.

ಈ ಪರೀಕ್ಷೆ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಮೈಟೊಕಾಂಡ್ರಿಯಾ ಡಿಎನ್‌ಎ ತಾಯಿಯಿಂದ ಮಾತ್ರ ಬರುತ್ತದೆ. ಕರಾವಳಿಯ ಅಳಿಯಕಟ್ಟಿನಲ್ಲಿ ಬಳಿ (ತಾಯಿಯ ಕಡೆಯ ಕುಲ) ಸಾಗುವ ಹಾಗೆಯೇ ಇದು: ಗಂಡು ಮಗನಿಗೂ ತಾಯಿಯ ಬಳಿಯೇ, ಆದರೆ ಅವನ ಮಕ್ಕಳಿಗೆ ಅದು ದಾಟುವುದಿಲ್ಲ. ಹೋರಿಯ ರಕ್ತ ತೆಗೆದರೂ ಅದರ ತಾಯಿಯ ಸಾಲು ಸಿಗುತ್ತದೆ. ಆ ಹೋರಿಯಿಂದ ಹುಟ್ಟಿದ ಕರುವಿನಲ್ಲಿ ಮಾತ್ರ ಹೋರಿಯ ಗುರುತೇ ಇರುವುದಿಲ್ಲ.

ಹಾಗಾಗಿ ಇದನ್ನು ತಳಿ ಶುದ್ಧತೆಯ ಪ್ರಮಾಣಪತ್ರ ಮಾಡಿಕೊಳ್ಳಬಾರದು. ನಮ್ಮಲ್ಲಿ ಮಿಶ್ರತಳಿ ಬಂದದ್ದು ಬಹುಪಾಲು ಕೃತಕ ಗರ್ಭಧಾರಣೆಯ ಮೂಲಕ, ಅಂದರೆ ನಾಟಿ ಹಸುವಿಗೆ ಎಚ್‌ಎಫ್ ಇಲ್ಲವೇ ಜರ್ಸಿ ವೀರ್ಯ ಹಾಕಿಸಿ. ಅಂಥ ಹಸು ನಾಲ್ಕು ತಲೆಮಾರಿನ ನಂತರ ನೋಡಲು ಪೂರ್ತಿ ಎಚ್‌ಎಫ್ ಆಗಿರಬಹುದು, ಮೈಟೊಕಾಂಡ್ರಿಯಾ ಮಾತ್ರ ಆ ಮೊದಲ ನಾಟಿ ಹಸುವಿನದೇ. ಬ್ರೆಜಿಲ್, ಅಮೆರಿಕಗಳಲ್ಲಿ ಕಥೆ ತಿರುಗುಮುರುಗು. ಒಂಗೋಲ್, ಗಿರ್, ಕೃಷ್ಣಾ ವ್ಯಾಲಿ ಮುಂತಾದ ನಮ್ಮ ತಳಿಗಳಿಂದ ಅಲ್ಲಿಗೆ ಹೋದದ್ದರಲ್ಲಿ ಹೋರಿಗಳೇ ಹೆಚ್ಚು. ಅಲ್ಲಿನ ಯುರೋಪ್ ಮೂಲದ ಹಸುಗಳಿಗೆ ಅವನ್ನು ತಲೆಮಾರುಗಟ್ಟಲೆ ಕೂಡಿಸಿದ್ದರಿಂದ, ಡುಬ್ಬ, ಗಂಗೆದೊಗಲುಗಳೆಲ್ಲ ಇರುವ ಅಲ್ಲಿನ ದನಗಳಲ್ಲಿ ಬಹಳಷ್ಟಕ್ಕೆ ಯುರೋಪಿನ ಮೈಟೊಕಾಂಡ್ರಿಯಾ ಇದೆ. ಶುದ್ಧತೆ ನೋಡಬೇಕಿದ್ದರೆ ತಂದೆ ತಾಯಿ ಎರಡೂ ಕಡೆಯಿಂದ ಬಂದ ಕ್ರೋಮೊಸೋಮ್ ಡಿಎನ್‌ಎಯನ್ನು ನೋಡುವ ಎಸ್‌ಎನ್‌ಪಿ ಚಿಪ್ ಅಥವಾ ಮೈಕ್ರೊಸ್ಯಾಟಲೈಟ್ ಬೇಕು. ಮೈಟೊಕಾಂಡ್ರಿಯಾದಿಂದ ತಿಳಿಯುವುದು ಬೇರೆಯದು: ಒಂದು ತಳಿಯಲ್ಲಿ ಎಷ್ಟು ತಾಯಿ ಸಾಲುಗಳು ಉಳಿದಿವೆ, ಅವು ಯಾವ ಮೂಲದವು, ಯಾವ ಊರಿನ ಹಿಂಡಿನಲ್ಲಿ ಒಂದೇ ಸಾಲು ಉಳಿದು ಮಿಕ್ಕವು ಕಳೆದುಹೋಗುತ್ತಿವೆ.

ದನದ ಮೈಟೊಕಾಂಡ್ರಿಯಾ ಡಿಎನ್‌ಎ ಒಂದು ಉಂಗುರ. ಉದ್ದ 16,338 ಬೇಸ್ (ಡಿಎನ್‌ಎಯ ಅಕ್ಷರ), ಜೀನ್‌ಗಳು 37. ಪ್ರೋಟೀನ್ ಕೋಡ್ ಮಾಡದ, ಬೇಗ ಬದಲಾಗುವ ಭಾಗ ಡಿ-ಲೂಪ್. ಹೋಲಿಕೆಗೆ ಹೆಚ್ಚಾಗಿ ಬಳಕೆಯಾಗುವುದು ಇದೇ. ಯುರೋಪ್ ಮತ್ತು ಪಶ್ಚಿಮ ಏಷ್ಯಾ ಮೂಲದ ದನಗಳು ಟಿ ಗುಂಪಿಗೆ ಸೇರುತ್ತವೆ, ನಮ್ಮ ಡುಬ್ಬದ ದನಗಳು ಐ ಗುಂಪಿಗೆ. ಐ ಗುಂಪಿನಲ್ಲಿ ಐ1, ಐ2 ಎಂಬ ಎರಡು ಕವಲುಗಳಿವೆ. ಟಿ ಮತ್ತು ಐ ನಡುವಿನ ಅಂತರ ಎಷ್ಟು ದೊಡ್ಡದೆಂದರೆ, ಅವೆರಡೂ ಬೇರೆಬೇರೆ ಕಾಡುದನಗಳಿಂದ, ಬೇರೆಬೇರೆ ಕಡೆ ಪಳಗಿದವು ಎಂಬ ತೀರ್ಮಾನಕ್ಕೆ 1994ರಲ್ಲಿ ವಿಜ್ಞಾನಿಗಳು ಬಂದದ್ದೇ ಈ ಡಿ-ಲೂಪ್ ನೋಡಿ.

ಯಾವ ದನದಿಂದ ಮಾದರಿ ತೆಗೆಯಬೇಕು

ಹೆಚ್ಚಿನ ಅಧ್ಯಯನಗಳು ಸೋಲುವುದು ಲ್ಯಾಬಿನಲ್ಲಲ್ಲ, ಕೊಟ್ಟಿಗೆಯಲ್ಲಿ. ತಾಯಿ, ಮಗಳು, ಮೊಮ್ಮಗಳು ಮೂರರಿಂದಲೂ ರಕ್ತ ತೆಗೆದರೆ ಲೆಕ್ಕಕ್ಕೆ ಮೂರು ಮಾದರಿ, ಮಾಹಿತಿ ಮಾತ್ರ ಒಂದೇ. ಆಮೇಲೆ ವೈವಿಧ್ಯ ಕಡಿಮೆ ಎಂದು ಬರೆದುಕೊಂಡರೆ ತಪ್ಪು ತಳಿಯದಲ್ಲ.

ಒಂದು ತಳಿಗೆ 30ರಿಂದ 50 ದನ ಗುರಿ ಇಟ್ಟುಕೊಳ್ಳಿ. ಒಂದು ಮನೆಯಿಂದ ಒಂದೇ, ಒಂದು ಊರಿನಿಂದ ಎರಡಕ್ಕಿಂತ ಹೆಚ್ಚು ಬೇಡ. ಹಳ್ಳಿಕಾರ್ ಆದರೆ ತುಮಕೂರು, ಹಾಸನ, ಮಂಡ್ಯ, ರಾಮನಗರ ಕಡೆಯ ತಾಲ್ಲೂಕುಗಳಲ್ಲಿ ಹರಡಿ. ಎತ್ತಿನ ಜಾತ್ರೆಯಲ್ಲಿ ಒಂದೇ ದಿನ 50 ಮಾದರಿ ಸಿಕ್ಕೀತು, ಆದರೆ ಅಲ್ಲಿನ ಎತ್ತು ಎರಡು ಮೂರು ಕೈ ಬದಲಾಗಿರುತ್ತದೆ, ಹುಟ್ಟಿದ ಊರು ಮಾಲೀಕರಿಗೇ ಗೊತ್ತಿರುವುದಿಲ್ಲ. ಸಾಲುಗಳ ಪಟ್ಟಿಗೆ ಅಂಥ ಮಾದರಿ ಆದೀತು, ಭೂಪಟಕ್ಕೆ ಆಗದು. ಅಜ್ಜಂಪುರದ ಅಮೃತಮಹಲ್ ಕೇಂದ್ರದಂಥ ಸರಕಾರಿ ಹಿಂಡಿನಲ್ಲಿ ವಂಶಾವಳಿ ದಾಖಲೆ ಇದ್ದರೆ ಅದನ್ನು ಮೊದಲು ಕೇಳಿ, ಒಂದೊಂದು ಮೂಲ ತಾಯಿಗೆ ಒಂದೊಂದು ದನ ಆರಿಸಿ.

ಮಾಲೀಕರನ್ನು ಕೇಳಬೇಕಾದ ಪ್ರಶ್ನೆ “ಇದು ಶುದ್ಧ ತಳಿಯಾ?” ಅಲ್ಲ. ಆ ಪ್ರಶ್ನೆಗೆ ಉತ್ತರ ಯಾವಾಗಲೂ ಹೌದೇ. “ಇದರ ತಾಯಿ ನಿಮ್ಮ ಮನೆಯಲ್ಲೇ ಹುಟ್ಟಿದ್ದಾ, ಕೊಂಡದ್ದಾ? ಕೊಂಡದ್ದಾದರೆ ಎಲ್ಲಿಂದ? ತಾಯಿಯ ತಾಯಿ?” ಎಂದು ಕೇಳಿ. ಮನೆಯ ಹಿರಿಯ ಹೆಂಗಸರು ಈ ಸರಣಿಯನ್ನು ಗಂಡಸರಿಗಿಂತ ಚೆನ್ನಾಗಿ ನೆನಪಿಟ್ಟಿರುತ್ತಾರೆ. ಕಿವಿಯ ಹಳದಿ ಓಲೆಯ 12 ಅಂಕಿ, ಊರು, ಜಿಪಿಎಸ್, ಕೋಡಿನ ಆಕಾರ, ಬಣ್ಣ, ಎದುರಿನಿಂದ ಮತ್ತು ಪಕ್ಕದಿಂದ ಒಂದೊಂದು ಫೋಟೊ, ಇಷ್ಟು ದಾಖಲಿಸಿ. ಮಾಲೀಕರ ಒಪ್ಪಿಗೆ ಬರಹದಲ್ಲಿರಲಿ. ರಕ್ತ ತೆಗೆಯುವುದು ಪಶುವೈದ್ಯರ ಕೆಲಸ. ಸಂಸ್ಥೆಯ ಪ್ರಾಣಿ ನೈತಿಕತಾ ಸಮಿತಿಯ ಅನುಮತಿ ಮೊದಲೇ ಕೈಯಲ್ಲಿರಬೇಕು. ಮಾದರಿ ದೇಶದ ಹೊರಗೆ ಹೋಗುವುದಿದ್ದರೆ ಜೀವವೈವಿಧ್ಯ ಕಾಯ್ದೆ 2002ರ ಪ್ರಕಾರ ಚೆನ್ನೈನ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದ ಒಪ್ಪಿಗೆಯೂ ಬೇಕು.

ರಕ್ತ ಅಥವಾ ಬಾಲದ ಕೂದಲು

ರಕ್ತವನ್ನು ಕತ್ತಿನ ರಕ್ತನಾಳದಿಂದ 5 ಮಿಲಿಯಷ್ಟು, ನೇರಳೆ ಮುಚ್ಚಳದ ಇಡಿಟಿಎ ಕೊಳವೆಗೆ ತೆಗೆಯಿಸಿ. ಹಸಿರು ಮುಚ್ಚಳದ ಹೆಪಾರಿನ್ ಕೊಳವೆ ಬೇಡ, ಹೆಪಾರಿನ್ ಡಿಎನ್‌ಎ ಜೊತೆ ಉಳಿದು ಪಿಸಿಆರ್ ಕೆಡಿಸುತ್ತದೆ. ಕೊಳವೆಯನ್ನು ಎಂಟು ಹತ್ತು ಸಲ ಮೆಲ್ಲಗೆ ಬೋರಲು ಮಾಡಿ ಎತ್ತಿ. ಕುಲುಕಬೇಡಿ. ಐಸ್ ಪೆಟ್ಟಿಗೆಯಲ್ಲಿ ತಂದು 4 ಡಿಗ್ರಿಯಲ್ಲಿಟ್ಟು ವಾರದೊಳಗೆ ಡಿಎನ್‌ಎ ತೆಗೆಯಿರಿ. ಫ್ರೀಜರಿಗೆ ಹಾಕಿದ ರಕ್ತ ಕರಗುವಾಗ ಬಿಳಿ ರಕ್ತಕಣಗಳೂ ಒಡೆಯುತ್ತವೆ. ಆಮೇಲೆ ಕೆಂಪು ಕಣ ತೊಳೆಯುವ ಹಂತದಲ್ಲಿ ಡಿಎನ್‌ಎಯೂ ತೊಳೆದುಹೋಗುತ್ತದೆ. ಫ್ರೀಜ್ ಮಾಡಲೇಬೇಕಾದರೆ ಇಡೀ ರಕ್ತದಿಂದ ತೆಗೆಯುವ ಕಿಟ್ ಬಳಸಿ.

ಮಲ್ನಾಡ್ ಗಿಡ್ಡದಂಥ ಕಾಡಂಚಿನಲ್ಲಿ ಮೇಯುವ, ಸೂಜಿ ಕಂಡರೆ ಹಾರುವ ದನಕ್ಕೆ ಕೂದಲೇ ಸರಿ. ಒಂದೊಂದು ಜೀವಕೋಶದಲ್ಲೂ ಮೈಟೊಕಾಂಡ್ರಿಯಾ ಡಿಎನ್‌ಎಯ ನೂರಾರು ಪ್ರತಿಗಳಿರುವುದರಿಂದ ಬೇರಿನ ಚೂರು ಸಾಕು. ಹಿಂದೆ ನಿಲ್ಲದೆ ಪಕ್ಕದಲ್ಲಿ ನಿಂತು, ಬಾಲದ ಕುಚ್ಚಿನಿಂದ ಐದಾರು ಕೂದಲನ್ನು ಬೆರಳಿಗೆ ಸುತ್ತಿ ಒಮ್ಮೆಲೇ ಎಳೆಯಿರಿ. 20–30 ಕೂದಲು ಆಗುವವರೆಗೆ ಹೀಗೆ ಮಾಡಿ. ಬೆಳಕಿಗೆ ಹಿಡಿದರೆ ತುದಿಯಲ್ಲಿ ಬಿಳಿ ಗುಬುಟು ಕಾಣಬೇಕು. ಅದಿಲ್ಲದ್ದು ತುಂಡಾದ ಕೂದಲು, ಪ್ರಯೋಜನವಿಲ್ಲ. ಕಾಗದದ ಲಕೋಟೆಯಲ್ಲಿಡಿ. ಮಲೆನಾಡಿನ ಮಳೆಗಾಲದಲ್ಲಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿದರೆ ಬೂಷ್ಟು ಗ್ಯಾರಂಟಿ. ಲಕೋಟೆಯ ಮೇಲೆ ಪೆನ್ಸಿಲ್‌ನಲ್ಲಿ ಬರೆಯಿರಿ, ಸ್ಪಿರಿಟ್ ತಾಗಿದರೆ ಮಾರ್ಕರ್ ಶಾಯಿ ಅಳಿಸಿಹೋಗುತ್ತದೆ.

ಡಿಎನ್‌ಎ ತೆಗೆಯುವುದು

ರಕ್ತಕ್ಕೆ ಉಪ್ಪಿನ ವಿಧಾನ ಅಗ್ಗ, ಫೀನಾಲಿನ ಹಂಗೂ ಇಲ್ಲ. 500 ಮೈಕ್ರೊಲೀಟರ್ ರಕ್ತಕ್ಕೆ 1 ಮಿಲಿ ಕೆಂಪು ಕಣ ಒಡೆಯುವ ಬಫರ್ (155 ಮಿಲಿಮೋಲಾರ್ ಅಮೋನಿಯಂ ಕ್ಲೋರೈಡ್, 10 ಮಿಲಿಮೋಲಾರ್ ಪೊಟ್ಯಾಶಿಯಂ ಬೈಕಾರ್ಬೊನೇಟ್, 0.1 ಮಿಲಿಮೋಲಾರ್ ಇಡಿಟಿಎ) ಹಾಕಿ 10 ನಿಮಿಷ ಐಸಿನಲ್ಲಿಡಿ. 3,000 ಜಿಯಲ್ಲಿ 5 ನಿಮಿಷ ತಿರುಗಿಸಿ ಕೆಂಪು ನೀರು ಚೆಲ್ಲಿ. ತಳದ ಗಸಿ ಬೆಳ್ಳಗಾಗುವವರೆಗೆ ಎರಡು ಮೂರು ಸಲ ಇದನ್ನೇ ಮಾಡಿ. ಕೆಂಪು ಉಳಿದರೆ ಹಿಮೋಗ್ಲೋಬಿನ್ ಉಳಿಯಿತು, ಅದು ಪಿಸಿಆರ್ ನಡೆಸುವ ಟ್ಯಾಕ್ ಕಿಣ್ವಕ್ಕೆ ಶತ್ರು.

ಬೆಳ್ಳನೆ ಗಸಿಗೆ 400 ಮೈಕ್ರೊಲೀಟರ್ ಲೈಸಿಸ್ ಬಫರ್ (10 ಮಿಲಿಮೋಲಾರ್ ಟ್ರಿಸ್, 400 ಮಿಲಿಮೋಲಾರ್ ಸೋಡಿಯಂ ಕ್ಲೋರೈಡ್, 2 ಮಿಲಿಮೋಲಾರ್ ಇಡಿಟಿಎ, ಪಿಎಚ್ 8.2), 40 ಮೈಕ್ರೊಲೀಟರ್ 10% ಎಸ್‌ಡಿಎಸ್, 5 ಮೈಕ್ರೊಲೀಟರ್ ಪ್ರೋಟೀನೇಸ್-ಕೆ (ಮಿಲಿಗೆ 20 ಮಿಗ್ರಾಂ) ಸೇರಿಸಿ, 56 ಡಿಗ್ರಿಯಲ್ಲಿ ಮೂರು ಗಂಟೆ ಅಥವಾ ರಾತ್ರಿಯಿಡೀ ಇಡಿ. ಎಸ್‌ಡಿಎಸ್ ಹಾಕಿದ ಮೇಲೆ ಐಸಿಗೆ ಇಳಿಸಬೇಡಿ, ಬೆಳ್ಳಗೆ ಗಟ್ಟಿಯಾಗುತ್ತದೆ. ಈಗ 150 ಮೈಕ್ರೊಲೀಟರ್ 6 ಮೋಲಾರ್ ಉಪ್ಪುನೀರು ಹಾಕಿ 15 ಸೆಕೆಂಡು ಜೋರಾಗಿ ಅಲ್ಲಾಡಿಸಿ, 12,000 ಜಿಯಲ್ಲಿ 10 ನಿಮಿಷ ತಿರುಗಿಸಿ. ಪ್ರೋಟೀನ್ ತಳಕ್ಕಿಳಿಯುತ್ತದೆ. ಮೇಲಿನ ತಿಳಿಯನ್ನು ಹೊಸ ಕೊಳವೆಗೆ ತೆಗೆದು ಎರಡು ಪಟ್ಟು ತಣ್ಣನೆ ಎಥೆನಾಲ್ ಹಾಕಿದರೆ ಡಿಎನ್‌ಎ ಹತ್ತಿಯ ಎಳೆಯಂತೆ ಕಾಣಿಸಿಕೊಳ್ಳುತ್ತದೆ. ಮತ್ತೆ ತಿರುಗಿಸಿ, 70% ಎಥೆನಾಲಿನಲ್ಲಿ ತೊಳೆದು, ಎಥೆನಾಲ್ ವಾಸನೆ ಹೋಗುವವರೆಗೆ ಮಾತ್ರ ಒಣಗಿಸಿ. ಅತಿಯಾಗಿ ಒಣಗಿದ ಡಿಎನ್‌ಎ ಕರಗಲು ಹಟ ಮಾಡುತ್ತದೆ. ಇಡಿಟಿಎ ಕಡಿಮೆಯಿರುವ (0.1 ಮಿಲಿಮೋಲಾರ್) ಟಿಇ ಬಫರಿನ 100 ಮೈಕ್ರೊಲೀಟರಿನಲ್ಲಿ ಕರಗಿಸಿ. ಶುದ್ಧತೆ ತೋರಿಸುವ 260/280 ಬೆಳಕು ಹೀರಿಕೆಯ ಅನುಪಾತ 1.8ರ ಆಸುಪಾಸಿರಲಿ. ಬಳಕೆಗೆ ಮೈಕ್ರೊಲೀಟರಿಗೆ 50 ನ್ಯಾನೊಗ್ರಾಂಗೆ ತೆಳು ಮಾಡಿಟ್ಟುಕೊಳ್ಳಿ.

ಕೂದಲಾದರೆ ಎಂಟು ಹತ್ತು ಬೇರುಗಳನ್ನು ಅರ್ಧ ಸೆಂಟಿಮೀಟರಿಗೆ ಕತ್ತರಿಸಿ, 200 ಮೈಕ್ರೊಲೀಟರ್ 5% ಚೆಲೆಕ್ಸ್‌ಗೆ (ಲೋಹದ ಅಯಾನು ಹೀರುವ ರಾಳದ ಮಣಿಗಳು) ಹಾಕಿ, ಪ್ರೋಟೀನೇಸ್-ಕೆ ಸೇರಿಸಿ 56 ಡಿಗ್ರಿಯಲ್ಲಿ ಮೂರು ಗಂಟೆ, ಆಮೇಲೆ 95 ಡಿಗ್ರಿಯಲ್ಲಿ 10 ನಿಮಿಷ ಇಡಿ. ತಿರುಗಿಸಿ ಮೇಲಿನ ತಿಳಿ ಮಾತ್ರ ಬಳಸಿ. ಚೆಲೆಕ್ಸ್ ಮಣಿಯೊಂದು ಪಿಪೆಟ್ಟಿನಲ್ಲಿ ಬಂದರೂ ಅದು ಮೆಗ್ನೀಷಿಯಂ ಹೀರಿಕೊಂಡು ಪಿಸಿಆರ್ ನಿಲ್ಲಿಸುತ್ತದೆ.

ಪ್ರೈಮರ್: ಉಂಗುರ ಎಲ್ಲಿ ಕತ್ತರಿಸಿದೆ ಎಂದು ನೋಡಿ

ಪಿಸಿಆರ್ ಎಲ್ಲಿಂದ ಶುರುವಾಗಬೇಕೆಂದು ತೋರಿಸುವ ಗಿಡ್ಡ ಡಿಎನ್‌ಎ ತುಂಡೇ ಪ್ರೈಮರ್. ಹೊಸಬರು ಅತಿ ಹೆಚ್ಚು ಎಡವುವ ಜಾಗ ಇದು. ಸೀಕ್ವೆನ್ಸ್‌ಗಳ ಸಾರ್ವಜನಿಕ ಭಂಡಾರವಾದ ಜೀನ್‌ಬ್ಯಾಂಕಿನಲ್ಲಿರುವ, ಹೋಲಿಕೆಗೆ ಬಳಸುವ ದನದ ಮೂಲ ಸೀಕ್ವೆನ್ಸ್ ವಿ00654. ಉಂಗುರವನ್ನು ಸಾಲಾಗಿ ಬರೆಯಬೇಕಾದರೆ ಎಲ್ಲಾದರೂ ಕತ್ತರಿಸಲೇಬೇಕಲ್ಲ. ಇಲ್ಲಿ ಕತ್ತರಿ ಬಿದ್ದಿರುವುದು ಡಿ-ಲೂಪಿನ ನಟ್ಟನಡುವೆ. ಡಿ-ಲೂಪ್ 15,792ರಿಂದ 16,338ರವರೆಗೆ ಸಾಗಿ, ಮತ್ತೆ 1ರಿಂದ 363ರವರೆಗೆ ಮುಂದುವರಿಯುತ್ತದೆ, ಒಟ್ಟು 910 ಬೇಸ್. ಇಡೀ ಸೀಕ್ವೆನ್ಸನ್ನು ಹಾಗೇ ಪ್ರೈಮರ್ ತಂತ್ರಾಂಶಕ್ಕೆ ಕೊಟ್ಟರೆ ಈ ಎರಡು ತುದಿ ಅಕ್ಕಪಕ್ಕದವು ಎಂದು ಅದಕ್ಕೆ ಗೊತ್ತಾಗದೆ ‘ಉತ್ಪನ್ನ ಇಲ್ಲ’ ಎನ್ನುತ್ತದೆ, ಇಲ್ಲವೇ 15,000 ಬೇಸ್ ಉದ್ದದ್ದೊಂದನ್ನು ತೋರಿಸುತ್ತದೆ.

ಕೊನೆಯ 1,000 ಬೇಸ್ (15,339–16,338) ಕತ್ತರಿಸಿ ಮೊದಲ 1,000 ಬೇಸ್‌ಗಳ ಮುಂದೆ ಅಂಟಿಸಿ. ಈಗ 2,000 ಬೇಸಿನ ಹೊಸ ಫೈಲಿನಲ್ಲಿ ಡಿ-ಲೂಪ್ 454ರಿಂದ 1,363ರವರೆಗೆ ಒಂದೇ ತುಂಡಾಗಿರುತ್ತದೆ. ಫಾರ್ವರ್ಡ್ ಪ್ರೈಮರನ್ನು ಮೂಲ ಲೆಕ್ಕದ 15,680ರ ಸುತ್ತ, ಥ್ರಿಯೊನಿನ್ ಟಿಆರ್‌ಎನ್‌ಎ ಇರುವಲ್ಲಿ ಇಡಿ. ರಿವರ್ಸ್ ಪ್ರೈಮರ್ 460ರ ಸುತ್ತ, 12ಎಸ್ ಆರ್‌ಆರ್‌ಎನ್‌ಎ ಶುರುವಾಗುವಲ್ಲಿ ಇರಲಿ. ಎರಡೂ ನಿಧಾನ ಬದಲಾಗುವ ಭಾಗಗಳು, ಹಾಗಾಗಿ ಪ್ರೈಮರ್ ಎಲ್ಲ ದನಕ್ಕೂ ಕೂರುತ್ತದೆ. ಉತ್ಪನ್ನ ಸುಮಾರು 1,120 ಬೇಸ್. ಎರಡೂ ಬದಿ ಡಿ-ಲೂಪಿನಿಂದ ನೂರರಷ್ಟು ದೂರ ಬಿಡುವುದಕ್ಕೆ ಕಾರಣವಿದೆ: ಸೀಕ್ವೆನ್ಸಿಂಗ್‌ನಲ್ಲಿ ಪ್ರೈಮರಿನ ಪಕ್ಕದ 30–50 ಬೇಸ್ ಕಲಸಿಹೋಗುತ್ತದೆ. ಪ್ರೈಮರನ್ನು ಐ ಗುಂಪಿನ ಎಎಫ್492350 ಸೀಕ್ವೆನ್ಸಿಗೂ ಹೋಲಿಸಿ ನೋಡಿ; ವಿ00654 ಟಿ ಗುಂಪಿನದು.

ಬನ್ನೂರು ಕುರಿಗೆ ಇದೇ ಕೆಲಸ ಮಾಡುವವರಿಗೆ ಒಂದು ಮಾತು. ಕುರಿಯ ಡಿ-ಲೂಪಿನಲ್ಲಿ ಸುಮಾರು 75 ಬೇಸಿನ ತುಣುಕೊಂದು ಹೆಚ್ಚಾಗಿ ನಾಲ್ಕು ಸಲ ಒಂದರ ಹಿಂದೊಂದು ಬರುತ್ತದೆ. ಅಲ್ಲಿ ಹೊಂದಾಣಿಕೆ ತಪ್ಪುವುದು ಸುಲಭ. ಪುನರಾವರ್ತನೆಯ ಭಾಗ ಬಿಟ್ಟು ಹೋಲಿಸಿ, ಇಲ್ಲವೇ ಸೈಟೊಕ್ರೋಮ್-ಬಿ ಜೀನನ್ನೂ ಸೇರಿಸಿಕೊಳ್ಳಿ.

ಪಿಸಿಆರ್

25 ಮೈಕ್ರೊಲೀಟರಿಗೆ ಅಳತೆ:

10 ಪಟ್ಟು ಬಫರ್ (15 ಮಿಲಿಮೋಲಾರ್ ಮೆಗ್ನೀಷಿಯಂ ಇರುವಂಥದ್ದು) 2.5
ಡಿಎನ್‌ಟಿಪಿ ಮಿಶ್ರಣ (ತಲಾ 10 ಮಿಲಿಮೋಲಾರ್) 0.5
ಎರಡು ಪ್ರೈಮರ್ (10 ಮೈಕ್ರೊಮೋಲಾರ್) ತಲಾ 1
ಟ್ಯಾಕ್ (ಮೈಕ್ರೊಲೀಟರಿಗೆ 5 ಯೂನಿಟ್) 0.2
ಡಿಎನ್‌ಎ 1
ನೀರು 18.8

95 ಡಿಗ್ರಿ 5 ನಿಮಿಷ. ನಂತರ 95ರಲ್ಲಿ 30 ಸೆಕೆಂಡು, 58ರಲ್ಲಿ 30 ಸೆಕೆಂಡು, 72ರಲ್ಲಿ 75 ಸೆಕೆಂಡು, ಹೀಗೆ 35 ಸುತ್ತು. ಕೊನೆಗೆ 72ರಲ್ಲಿ 7 ನಿಮಿಷ. ಹೊಸ ಪ್ರೈಮರಾದರೆ ಮೊದಲು 54ರಿಂದ 62ರವರೆಗೆ ಗ್ರೇಡಿಯಂಟ್ ಹಾಕಿ ನೋಡಿ. 1.5% ಅಗರೋಸ್ ಜೆಲ್‌ನಲ್ಲಿ 1,000 ಮತ್ತು 1,500 ಗೆರೆಗಳ ನಡುವೆ, 1,000ಕ್ಕೆ ಹತ್ತಿರ, ಒಂದೇ ಗೆರೆ ಬರಬೇಕು.

ಡಿಎನ್‌ಎ ಬದಲು ನೀರು ಹಾಕಿದ ಕೊಳವೆ ಪ್ರತಿ ಸಲವೂ ಇರಲೇಬೇಕು. ದನದ ಕೆಲಸದಲ್ಲಿ ಇದಕ್ಕೆ ವಿಶೇಷ ಕಾರಣವೂ ಇದೆ. ಕೂದಲಿನ ಮಾದರಿ ಕೈಕೊಟ್ಟಾಗ ಪಿಸಿಆರ್‌ಗೆ ಬಿಎಸ್‌ಎ ಸೇರಿಸುವ ರೂಢಿ ಲ್ಯಾಬುಗಳಲ್ಲಿದೆ. ಬಿಎಸ್‌ಎ ಎಂದರೆ ದನದ ರಕ್ತದಿಂದ ತೆಗೆದ ಅಲ್ಬುಮಿನ್. ಅದರ ಜೊತೆ ದನದ ಡಿಎನ್‌ಎಯೂ ಬಂದಿರಬಹುದು. ಮಲ್ನಾಡ್ ಗಿಡ್ಡದ ದುರ್ಬಲ ಮಾದರಿಯಲ್ಲಿ ಟಿ ಗುಂಪು ಕಂಡರೆ ಯುರೋಪಿನ ಹಸು ಸಕಲೇಶಪುರಕ್ಕೆ ಯಾವಾಗ ಬಂತು ಎಂದು ಹುಡುಕುವ ಮೊದಲು ಬಿಎಸ್‌ಎ ಬಾಟಲಿಯನ್ನು ಅನುಮಾನಿಸಿ. ಡಿಎನ್‌ಎಯನ್ನು ಹತ್ತು ಪಟ್ಟು ತೆಳು ಮಾಡಿದರೆ ಎಷ್ಟೋ ಸಲ ಬಿಎಸ್‌ಎ ಇಲ್ಲದೆಯೇ ಕೆಲಸ ಆಗುತ್ತದೆ.

ಸೀಕ್ವೆನ್ಸ್ ಓದುವುದು

ಎರಡೂ ದಿಕ್ಕಿನಿಂದ ಸ್ಯಾಂಗರ್ ಸೀಕ್ವೆನ್ಸಿಂಗ್ ಮಾಡಿಸಿ. ಒಂದು ದಿಕ್ಕಿನಲ್ಲಿ ನಂಬಬಹುದಾದ್ದು 700–800 ಬೇಸ್ ಮಾತ್ರ. ಒಂದೇ ಬೇಸ್ ಸಾಲಾಗಿ ಬಂದ ಕಡೆ, ಉದಾಹರಣೆಗೆ ಸಿಸಿಸಿಸಿ ಎಂದು ಉದ್ದಕ್ಕೆ, ಕಿಣ್ವ ಜಾರಿ ಅದರ ಮುಂದಿನ ಶಿಖರಗಳೆಲ್ಲ (ಓದಿನ ನಕ್ಷೆಯಲ್ಲಿ ಒಂದೊಂದು ಬೇಸನ್ನು ತೋರಿಸುವ ಏರುಗಳು) ಒಂದರ ಮೇಲೊಂದು ಬೀಳುತ್ತವೆ. ಆ ಜಾಗದ ಆಚೆಗಿನದನ್ನು ಎದುರು ದಿಕ್ಕಿನ ಓದಿನಿಂದಲೇ ತೆಗೆದುಕೊಳ್ಳಿ.

ಕಂಪನಿ ಕಳಿಸುವ ಅಕ್ಷರಗಳ ಫೈಲನ್ನು ನಂಬಿ ಮುಂದೆ ಹೋಗಬೇಡಿ. ಶಿಖರಗಳ ಫೈಲನ್ನು ಕ್ರೋಮಾಸ್ ಅಥವಾ ಬಯೊಎಡಿಟ್‌ನಲ್ಲಿ ತೆರೆದು ಬದಲಾವಣೆ ಇರುವ ಒಂದೊಂದು ಸ್ಥಾನವನ್ನೂ ಕಣ್ಣಿಂದ ನೋಡಿ. ಎರಡು ಶಿಖರ ಒಂದೇ ಜಾಗದಲ್ಲಿದ್ದರೆ ಕಾರಣ ಮೂರರಲ್ಲಿ ಒಂದು. ಸೀಕ್ವೆನ್ಸಿನ ಉದ್ದಕ್ಕೂ, ಅದೂ ಐ ಮತ್ತು ಟಿ ಬೇರೆಯಾಗುವ ಸ್ಥಾನಗಳಲ್ಲೇ ಜೋಡಿ ಶಿಖರ ಇದ್ದರೆ ಎರಡು ದನದ ಡಿಎನ್‌ಎ ಬೆರೆತಿದೆ. ಒಂದೇ ಸ್ಥಾನದಲ್ಲಿದ್ದು, ಮತ್ತೆ ಡಿಎನ್‌ಎ ತೆಗೆದು ಮಾಡಿದರೂ ಬಂದರೆ ಅದು ಒಂದೇ ದನದಲ್ಲಿ ಎರಡು ಬಗೆಯ ಮೈಟೊಕಾಂಡ್ರಿಯಾ ಇರುವ ಹೆಟೆರೊಪ್ಲಾಸ್ಮಿ ಇರಬಹುದು. ಮೂರನೆಯದು ನ್ಯೂಮ್ಟ್: ಹಿಂದೆಂದೋ ಮೈಟೊಕಾಂಡ್ರಿಯಾದಿಂದ ಕ್ರೋಮೊಸೋಮಿಗೆ ಹಾರಿ ಕೂತ ನಕಲು. ಪ್ರೈಮರ್ ಅದಕ್ಕೂ ಅಂಟಿಕೊಂಡರೆ ಯಾವ ಗುಂಪಿಗೂ ಸೇರದ ವಿಚಿತ್ರ ‘ಹೊಸ ಸಾಲು’ ಸಿಗುತ್ತದೆ. ಅಂಥ ಮಾದರಿಯ ಸೈಟೊಕ್ರೋಮ್-ಬಿ ಓದಿಸಿ. ಜೀನಿನ ನಡುವೆ ಸ್ಟಾಪ್ ಕೋಡಾನ್ ಬಂದರೆ ಅದು ನಕಲೇ. ಅನುವಾದಿಸುವಾಗ ಕಶೇರುಕಗಳ ಮೈಟೊಕಾಂಡ್ರಿಯಾ ಕೋಡ್ ಆರಿಸಿ. ಸಾಮಾನ್ಯ ಕೋಡಿನಲ್ಲಿ ಟಿಜಿಎ ಸ್ಟಾಪ್, ಇಲ್ಲಿ ಅದು ಟ್ರಿಪ್ಟೊಫಾನ್. ಇದನ್ನು ಮರೆತರೆ ಒಳ್ಳೆಯ ಮಾದರಿಯೂ ನ್ಯೂಮ್ಟ್ ಆಗಿ ಕಾಣುತ್ತದೆ.

ಒಂದೇ ದನದಲ್ಲಿ ಕಂಡ ಯಾವುದೇ ಹ್ಯಾಪ್ಲೊಟೈಪನ್ನು ಹೊಸದಾಗಿ ಪಿಸಿಆರ್ ಮಾಡಿ ಇನ್ನೊಮ್ಮೆ ಓದಿಸದೆ ಪಟ್ಟಿಗೆ ಸೇರಿಸಬೇಡಿ.

ಲೆಕ್ಕ ಮತ್ತು ಅರ್ಥ

ಎಲ್ಲವನ್ನೂ ಒಂದೇ ಉದ್ದಕ್ಕೆ ಕತ್ತರಿಸಿ, ಮೆಗಾ ತಂತ್ರಾಂಶದಲ್ಲಿ ಹೊಂದಿಸಿ, ಡಿಎನ್‌ಎಎಸ್‌ಪಿಯಲ್ಲಿ ಹ್ಯಾಪ್ಲೊಟೈಪ್ ವಿಂಗಡಿಸಿ, ಪಾಪ್‌ಆರ್ಟ್‌ನಲ್ಲಿ ಜಾಲ ಬಿಡಿಸಿ. ಕೆಲವು ಮಾದರಿಗಳ ತುದಿಯಲ್ಲಿ ಓದಲಾಗದ ಬೇಸ್‌ಗಳು ಉಳಿದಿದ್ದರೆ ಆ ಸ್ಥಾನಗಳೇ ಲೆಕ್ಕದಿಂದ ಬಿಟ್ಟುಹೋಗಿ, ಬೇರೆಬೇರೆ ಹ್ಯಾಪ್ಲೊಟೈಪ್‌ಗಳು ಒಂದಾಗಿ ಕಾಣುತ್ತವೆ. ಕೆಟ್ಟ ಮಾದರಿಯನ್ನು ಕೈಬಿಡುವುದೇ ಲೇಸು. ಗುಂಪು ಗುರುತಿಸಲು ಐ1, ಐ2, ಟಿ ಗುಂಪುಗಳ ಪೂರ್ಣ ಸೀಕ್ವೆನ್ಸ್‌ಗಳನ್ನು ಜೀನ್‌ಬ್ಯಾಂಕಿನಿಂದ ತಂದು ನಿಮ್ಮವುಗಳ ಜೊತೆ ಒಂದೇ ವಂಶವೃಕ್ಷ ಕಟ್ಟಿ. ಸಾಕುಪ್ರಾಣಿಗಳಿಗೆಂದೇ ಮಾಡಿದ ಮೈಟೊಟೂಲ್‌ಪೈ ತಂತ್ರಾಂಶವೂ ಇದೆ.

ಹ್ಯಾಪ್ಲೊಟೈಪ್ ವೈವಿಧ್ಯವನ್ನು ಕೈಯಲ್ಲೇ ಒಮ್ಮೆ ಲೆಕ್ಕ ಹಾಕಿ ನೋಡುವುದು ಒಳ್ಳೆಯದು. 20 ದನಗಳಲ್ಲಿ ಐದು ಹ್ಯಾಪ್ಲೊಟೈಪ್, ಕ್ರಮವಾಗಿ 12, 4, 2, 1, 1 ದನಗಳಲ್ಲಿ ಇವೆ ಎನ್ನಿ. ಪಾಲುಗಳು 0.6, 0.2, 0.1, 0.05, 0.05. ಅವುಗಳ ವರ್ಗಗಳ ಮೊತ್ತ 0.415. ಒಂದರಿಂದ ಕಳೆದರೆ 0.585. ಅದನ್ನು 20/19ರಿಂದ ಗುಣಿಸಿದರೆ 0.616. ಯಾವುದೇ ಎರಡು ದನ ಹಿಡಿದರೆ ಅವುಗಳ ಹ್ಯಾಪ್ಲೊಟೈಪ್ ಬೇರೆಯಾಗಿರುವ ಸಂಭವ ಇದು. ನ್ಯೂಕ್ಲಿಯೊಟೈಡ್ ವೈವಿಧ್ಯ ಇನ್ನೊಂದನ್ನು ಅಳೆಯುತ್ತದೆ, ಆ ಹ್ಯಾಪ್ಲೊಟೈಪ್‌ಗಳು ಪರಸ್ಪರ ಎಷ್ಟು ದೂರ ಎಂಬುದನ್ನು. ಹಿಂಡಿನಲ್ಲಿ ಟಿ ಗುಂಪಿನ ಒಂದೇ ದನ ಇದ್ದರೂ ಈ ಎರಡನೆಯ ಅಂಕಿ ಜಿಗಿಯುತ್ತದೆ. ಹಾಗಾಗಿ ಅಂಥದ್ದನ್ನು ಸೇರಿಸಿ ಒಮ್ಮೆ, ಬಿಟ್ಟು ಒಮ್ಮೆ ಲೆಕ್ಕ ಹಾಕಿ ಎರಡನ್ನೂ ಕೊಡಿ. ಸಂತತಿ ವಿಸ್ತರಣೆ ನೋಡುವ ತಾಜಿಮಾ ಡಿ ಪರೀಕ್ಷೆಯನ್ನು ಐ1, ಐ2ಗಳಿಗೆ ಬೇರೆಬೇರೆಯಾಗಿಯೇ ಮಾಡಿ. ಎರಡನ್ನೂ ಬೆರೆಸಿದರೆ ಹಳೆಯ ಕವಲೊಡೆದ ಗುರುತು ಇತ್ತೀಚಿನ ಏರಿಳಿತವನ್ನು ಮುಚ್ಚಿಬಿಡುತ್ತದೆ.

ಹಳ್ಳಿಕಾರ್‌ಗೆ ಒಂದು, ಅಮೃತಮಹಲ್‌ಗೆ ಒಂದು ಎಂದು ಪ್ರತ್ಯೇಕ ಹ್ಯಾಪ್ಲೊಟೈಪ್ ಸಿಗುತ್ತದೆಂದು ಕಾಯಬೇಡಿ. ಸಿಗದಿದ್ದರೆ ಬೆರಕೆಯಾಗಿದೆ ಎಂದೂ ಬರೆಯಬೇಡಿ. ಅಮೃತಮಹಲ್ ರೂಪುಗೊಂಡದ್ದೇ ಮೈಸೂರು ಅರಸರ ಕಾಲದಲ್ಲಿ ಹಳ್ಳಿಕಾರ್, ಹಾಗಲವಾಡಿ, ಚಿತ್ರದುರ್ಗ ದನಗಳಿಂದ. ತಳಿಗಳಿಗೆ ಕೆಲವು ನೂರು ವರ್ಷವಾದರೆ ಐ1, ಐ2 ಕವಲುಗಳು ದನ ಪಳಗಿದ ಕಾಲದಷ್ಟಾದರೂ ಹಳೆಯವು. ನೂರಾರು ವರ್ಷದಲ್ಲಿ ಡಿ-ಲೂಪಿನಲ್ಲಿ ಹೊಸ ಗುರುತು ಮೂಡುವುದು ಅಪರೂಪ. ತಳಿಗಳ ನಡುವೆ ಕಾಣುವ ವ್ಯತ್ಯಾಸ ಹೆಚ್ಚಾಗಿ ಯಾವ ಸಾಲು ಎಷ್ಟು ಪಾಲು ಇದೆ ಎಂಬುದರಲ್ಲಿರುತ್ತದೆ. ಸಂರಕ್ಷಣೆಗೆ ಬೇಕಾದ್ದೂ ಅದೇ: ಮೂರು ತಾಲ್ಲೂಕಿನಲ್ಲಿ ಒಂದೊಂದೇ ಹಸುವಿನಲ್ಲಿ ಉಳಿದ ಸಾಲು ಕಂಡರೆ, ಹೋರಿ ಆಯ್ಕೆಗಿಂತ ಮೊದಲು ಆ ಹಸುವಿನ ಹೆಣ್ಣುಕರುಗಳ ಲೆಕ್ಕ ತೆಗೆಯಬೇಕು. ಹೋರಿಯ ವೀರ್ಯ ಎಷ್ಟು ಕೂಡಿಟ್ಟರೂ ತಾಯಿ ಸಾಲು ಉಳಿಯುವುದಿಲ್ಲ.

ಸೀಕ್ವೆನ್ಸನ್ನು ಜೀನ್‌ಬ್ಯಾಂಕಿಗೆ ಹಾಕುವಾಗ ತಳಿಯ ಹೆಸರು, ಜಿಲ್ಲೆ, ತಾಲ್ಲೂಕು ಕೊಡಿ. ಮಾಲೀಕರ ಹೆಸರು, ಕಿವಿಯೋಲೆ ಸಂಖ್ಯೆ ಬೇಡ. ಉಳಿದ ಡಿಎನ್‌ಎಯನ್ನು ಎರಡು ಕೊಳವೆಗೆ ಹಂಚಿ, ಎರಡು ಬೇರೆ ಫ್ರೀಜರುಗಳಲ್ಲಿ ಮೈನಸ್ 20 ಡಿಗ್ರಿಯಲ್ಲಿಡಿ. ಮುಂದೆ ಎಸ್‌ಎನ್‌ಪಿ ಚಿಪ್ ಮಾಡಿಸುವುದಾದರೆ ರಕ್ತದಿಂದ ತೆಗೆದದ್ದು ನಡೆಯುತ್ತದೆ, ಚೆಲೆಕ್ಸ್‌ನಲ್ಲಿ ತೆಗೆದ ಕೂದಲಿನದು ನಡೆಯುವುದಿಲ್ಲ. ಅದಕ್ಕೇ ಲಕೋಟೆಯಲ್ಲಿ ಹತ್ತು ಕೂದಲನ್ನಾದರೂ ಮುಟ್ಟದೆ ಉಳಿಸಿ.